ಮ್ಯಾಚಿಂಗ್ ಸೆಂಟರಿನ ಹವಳದ ದೀಪ

ನಾನು ಒಂದು ದೀಪ. ದೀಪ ಎಂದ ಕೂಡಲೇ ದೇವರ ಮನೆಯ ಹಣತೆಯನ್ನೋ ಬೀದಿ ಕಂಬದ ಬಲ್ಬನ್ನೋ ನೆನೆಸಿಕೊಳ್ಳಬೇಡಿ. ನಾನು ಹವಳದ ತೊಟ್ಟಿಯ ಮೇಲೆ ತೂಗುವ ಎಲ್‌ಇಡಿ ದೀಪ. ಮೈ ಕಪ್ಪು ತಗಡು, ಉದ್ದ ಒಂದು ಮೊಳಕ್ಕಿಂತ ಚೂರು ಹೆಚ್ಚು, ಹೊಟ್ಟೆಯ ತುಂಬ ಬೆಳಕಿನ ಕಾಳುಗಳು. ಅರ್ಧ ಕಾಳು ನೀಲಿ, ಅರ್ಧ ಕಾಳು ಬಿಳಿ. ಪಕ್ಕದಲ್ಲಿ ಎರಡು ಕಿವಿ. ಎಡಗಿವಿ ತಿರುವಿದರೆ ನೀಲಿ ಏರುತ್ತದೆ, ಬಲಗಿವಿ ತಿರುವಿದರೆ ಬಿಳಿ ಏರುತ್ತದೆ. ನನ್ನ ವಿದ್ಯೆ ಇಷ್ಟೇ. ಇಷ್ಟಕ್ಕೇ ಎಷ್ಟು ಜನರ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿದ್ದೇನೆ ಅಂತೀರಿ!

ವಸ್ತುಗಳೆಲ್ಲ ತಮ್ಮ ಯಜಮಾನರನ್ನು ಕೆಳಗಿನಿಂದ ನೋಡುತ್ತವಂತೆ. ಚಪ್ಪಲಿ, ಕುರ್ಚಿ, ಸೈಕಲ್ಲು, ಎಲ್ಲದರ ಪಾಡೂ ಅದೇ. ನಾನು ಮಾತ್ರ ಮೇಲಿನಿಂದ ನೋಡಿದವನು. ಯಾರ ನೆತ್ತಿ ಎಷ್ಟು ಬೋಳು, ಯಾರು ಬೈತಲೆಯ ಬಿಳಿಗೂದಲಿಗೆ ಬಣ್ಣ ಹಚ್ಚುವುದನ್ನು ಮರೆತಿದ್ದಾರೆ, ಎಲ್ಲ ನನಗೆ ಗೊತ್ತು. ಹೇಳುವುದಿಲ್ಲ ಅಷ್ಟೇ.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಕಪ್ಪು ಕನ್ನಡಕ ಹಾಕಿಕೊಂಡ ಹೆಂಗಸೊಬ್ಬಳು ನನ್ನ ಎರಡೂ ಕಿವಿಗಳನ್ನು ಪೂರ್ತಿ ತಿರುವಿ, ನಾನು ಧಗ್ಗನೆ ಬೆಳಗಿದಾಗ ತಲೆಯಾಡಿಸಿ, ಮುಂದಿನವನ ಕಡೆ ಹೋದಳು. ಅದೇ ನನ್ನ ನಾಮಕರಣ. ಆಮೇಲೆ ಥರ್ಮೋಕೋಲು, ಡಬ್ಬಿ, ಹಡಗು, ಕತ್ತಲೆ. ಕಡಲಿನ ಮೇಲೇ ಬಂದರೂ ಕಡಲು ನೋಡಲಿಲ್ಲ. ಜೀವಮಾನದಲ್ಲಿ ನಾನು ನೋಡಿದ್ದು ಪೊಟ್ಟಣದ ಉಪ್ಪು ಕಲಸಿ ಮಾಡಿದ ಕಡಲನ್ನೇ, ಅದೂ ಎಲ್ಲಿ ಅಂದರೆ ಗದಗಿನಲ್ಲಿ!

ನನ್ನ ಮೊದಲ ಯಜಮಾನರು ಹಲ್ಲಿನ ಡಾಕ್ಟರು ಶ್ರೀಪಾದ ಗಲಗಲಿ. ದವಾಖಾನೆಯಲ್ಲಿ ಕಾಯುತ್ತ ಕೂತವರ ಭಯ ಕಳೆಯಲಿ ಎಂದು ಗಾಜಿನ ತೊಟ್ಟಿ ಇಟ್ಟು, ಅದರಲ್ಲಿ ಬೆಳೆಸಿದ ಹವಳದ ತುಂಡುಗಳನ್ನು ಬೆಂಗಳೂರಿನಿಂದ ತರಿಸಿದ್ದರು. ಸಮುದ್ರದಿಂದ ಕಿತ್ತವಲ್ಲ, ಯಾರದೋ ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಡಾಕ್ಟರು ಒಳ್ಳೆಯವರು, ನಗಿಸುವವರು, ಆದರೆ ಮನಸ್ಸು ನಿಂತಲ್ಲಿ ನಿಲ್ಲದು. ಮೊಬೈಲಿನಲ್ಲಿ ಒಬ್ಬ ಪುಣ್ಯಾತ್ಮ ನೀಲಿ ಹೆಚ್ಚಿರಲಿ ಎಂದರೆ ನೀಲಿ ಏರಿಸುವರು. ಮಾರನೆಯ ದಿನ ಇನ್ನೊಬ್ಬ ಬಿಳಿಯೇ ಚೆನ್ನ ಎಂದರೆ ಬಿಳಿ ಏರಿಸುವರು. ಸೋಮವಾರ ತೊಟ್ಟಿ ಶಾಯಿ ಚೆಲ್ಲಿದ ಹಾಗೆ, ಮಂಗಳವಾರ ಮದುವೆ ಮಂಟಪದ ಹಾಗೆ. ಹವಳ ಅಂದರೆ ಜೀವ ಅಲ್ಲವೇ? ಅದಕ್ಕೆ ಬೆಳಕು ದಿನಾ ಒಂದೇ ಹದದಲ್ಲಿ ಬೇಕು, ಏರಿಸಿದರೂ ಇಳಿಸಿದರೂ ಸಾವಕಾಶ. ಈ ಕುಣಿತಕ್ಕೆ ಬೇಸತ್ತು ಅವು ಬಾಯಿ ಮುಚ್ಚಿಕೊಂಡು ಕೂತವು. ಗಾಜಿನ ಮೇಲೆ ಕಂದು ಪಾಚಿ ಬೆಳೆಯಿತು.

ಅಂಥ ಹೊತ್ತಿನಲ್ಲಿ ಕೆನ್ನೆ ಊದಿಸಿಕೊಂಡು, ತಲೆಗೆ ಸುತ್ತಿ ದಸ್ತಿ ಕಟ್ಟಿಕೊಂಡು ಒಬ್ಬರು ಬಂದು ತೊಟ್ಟಿಯ ಮುಂದೆ ಕೂತರು. ಕೂತವರು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಬಹಳ ಹೊತ್ತು ನೋಡಿದರು. ನೋವಿಗೆ ಮುಖ ಕಿವುಚಿದ್ದಾರೆ ಅಂದುಕೊಂಡೆ. ಅಲ್ಲ, ಅದು ಅವರ ವೃತ್ತಿಯ ನೋಟ.

"ಡಾಕ್ಟ್ರ, ಇದರಾಗ ಬಿಳಿ ಒಂದ ಎಳಿ ಹೆಚ್ಚಾಗೇತ್ರಿ," ಎಂದರು, ಊದಿದ ಬಾಯಿಯಲ್ಲೇ.

"ಮೊದಲ ಬಾಯಿ ತಗೀರಿ ಚನ್ನವೀರಪ್ಪನವರ, ಆಮ್ಯಾಲ ಬಣ್ಣ ನೋಡೋಣಂತ," ಎಂದು ಡಾಕ್ಟರು ನಕ್ಕರು. ಆದರೂ ಹಲ್ಲು ಕಿತ್ತಾದ ಮೇಲೆ ಇಬ್ಬರೂ ನನ್ನ ಕೆಳಗೆ ಬಂದು ನಿಂತರು. ಡಾಕ್ಟರು ತಿಳಿಸಿ ಹೇಳಿದರು: ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಅದು ಬೆಳಕು ತಿಂದು ಹವಳಕ್ಕೆ ಉಣಿಸುತ್ತದೆ, ಅದಕ್ಕೆ ನೀಲಿ ಬೆಳಕೇ ಮುಖ್ಯ. ಬರೀ ನೀಲಿ ಇಟ್ಟರೆ ನೋಡುವವರಿಗೆ ಏನೂ ಚಂದ ಕಾಣುವುದಿಲ್ಲ, ಅದಕ್ಕೇ ಬಿಳಿ.

"ಅಂದ್ರ ಬಿಳೀದು ನಮಗ, ನೀಲಿದು ಅವಕ್ಕ," ಎಂದರು ಚನ್ನವೀರಪ್ಪನವರು. ಬಾಯಿಯಲ್ಲಿ ಹತ್ತಿ ಇತ್ತು. ಕೈ ಮಾತ್ರ ನನ್ನ ಕಿವಿಗೆ ಬಂತು. ಬಿಳಿಯನ್ನು ಇಷ್ಟಿಷ್ಟೇ ಇಳಿಸಿ, ನೀಲಿಯನ್ನು ಒಂದು ಕೂದಲೆಳೆ ಏರಿಸಿ ನಿಲ್ಲಿಸಿದರು. ಕೆಳಗೆ ಕಲ್ಲಿನ ಮೇಲಿದ್ದ, ಅಂಗಿಯ ಗುಂಡಿಯಂಥ ಹವಳಗಳ ಹಸಿರು ಥಟ್ಟನೆ ಎದ್ದು ಕಂಡಿತು. ಡಾಕ್ಟರು ಕೈ ತಟ್ಟಿದರು. ಚನ್ನವೀರಪ್ಪನವರು ತಾವೇ ಸಮುದ್ರ ಮಾಡಿದವರ ಹಾಗೆ ಬೀಗಿಕೊಂಡು ಹೋದರು.

ಅದಾಗಿ ಸ್ವಲ್ಪ ದಿನಕ್ಕೆ ದವಾಖಾನೆ ಬೇರೆ ಕಟ್ಟಡದ ಮಾಳಿಗೆಗೆ ಹೋಗಬೇಕಾಯಿತು. ಅಷ್ಟು ಭಾರದ ನೀರು ಮೇಲೆ ಬೇಡ ಎಂದು ಕಟ್ಟಡದವರು ಖಡಾಖಡಿ ಹೇಳಿದರು. ಡಾಕ್ಟರು ಮೀನು, ಹವಳ, ತೊಟ್ಟಿ, ನಾನು, ಎಲ್ಲರನ್ನೂ ಗಾಡಿಗೆ ಹೇರಿಸಿ ಬಜಾರಿನ ಚನ್ನವೀರಪ್ಪನವರ ಅಂಗಡಿಗೆ ಕಳಿಸಿದರು. ಗಾಡಿ ನಿಂತಲ್ಲಿ ಬೋರ್ಡು: ಶಿವಗಂಗಾ ಮ್ಯಾಚಿಂಗ್ ಸೆಂಟರ್.

ಮ್ಯಾಚಿಂಗ್ ಸೆಂಟರ್ ಅಂದರೆ ಹೆಣ್ಣುಮಕ್ಕಳು ಸೀರೆ ತಂದು ಅದಕ್ಕೆ ಒಪ್ಪುವ ಕುಪ್ಪಸದ ಪೀಸು, ಫಾಲ್ಸು, ಲೈನಿಂಗು, ದಾರ, ಗುಂಡಿ ಕೊಳ್ಳುವ ಅಂಗಡಿ. ಉದ್ದಕ್ಕೆ ಸಾಗಿದ ಕಿರಿದಾದ ಮಳಿಗೆ. ಎರಡೂ ಗೋಡೆಗೆ ಬಟ್ಟೆಯ ಬಣ್ಣ ಬಣ್ಣದ ಮಡಿಕೆಗಳು: ಗಿಣಿ ಹಸಿರು, ಬದನೆಕಾಯಿ, ಉಳ್ಳಾಗಡ್ಡಿ ಸಿಪ್ಪೆ, ನವಿಲ ಕೊರಳು, ರಾಣಿ ಬಣ್ಣ. ನನ್ನ ಹೊಟ್ಟೆಯಲ್ಲಿ ಎರಡೇ ಬಣ್ಣ ಇಟ್ಟುಕೊಂಡು ಇಷ್ಟು ಜಂಬ ಪಡುತ್ತಿದ್ದೆನಲ್ಲ, ಅಲ್ಲಿ ನಿಂತ ಮೇಲೆ ನಾಚಿಕೆಯಾಯಿತು.

ಅಂಗಡಿಗೆ ಹೆಸರಾದ ಶಿವಗಂಗವ್ವ ಚನ್ನವೀರಪ್ಪನವರ ಹೆಂಡತಿ. ಮೂಲೆಯ ಹೊಲಿಗೆ ಯಂತ್ರದಲ್ಲಿ ಕೂತು ಸೀರೆಗಳಿಗೆ ಫಾಲ್ಸು ಹಚ್ಚುವವರು. ನಮ್ಮನ್ನು ನೋಡಿ ಹಣೆ ಹಣೆ ಬಡಿದುಕೊಂಡರು.

"ಊರಾಗ ಸಿಹಿನೀರಿಗೆ ಪಾಳಿ ಹಚ್ಚತೇವಿ. ಇವರು ನೋಡಿದ್ರ ಉಪ್ಪುನೀರು ಕಾಯ್ಕೋತ ಕುಂದರತಾರಂತ!"

"ಒಂದ ಸಲ ನೋಡರ ನೋಡ," ಎಂದು ಗಂಡ ನನ್ನನ್ನು ಹಚ್ಚಿದರು. ಶಿವಗಂಗವ್ವ ಬಗ್ಗಿದರು. ಕಲ್ಲಿನ ಮೇಲೆ ಗುಂಡು ಗುಂಡಾಗಿ ಅರಳಿದ್ದ ಹವಳಗಳನ್ನು ಕಂಡು ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯ ನಮ್ಮವ್ವ, ಇವು ನಮ್ಮ ಗುಂಡಿನ ಅಲ್ಲೇನ್ರಿ! ಡಬ್ಬಿಯಾಗಿಂದ ಜಾರಿ ಬಿದ್ದಂಗ ಅದಾವ." ಅವತ್ತಿನಿಂದ ತೊಟ್ಟಿಯ ನೀರು ಬದಲಿಸುವ ಕೆಲಸ ಆಕೆಯದೇ. ಬೇಡ ಅಂದವರೇ ಕೊನೆಗೆ ಮುದ್ದು ಮಾಡುವುದು, ನಾನು ಬಹಳ ಕಡೆ ನೋಡಿಲ್ಲ, ಒಂದೇ ಕಡೆ ನೋಡಿದ್ದೇನೆ, ಸಾಕು.

ಅಲ್ಲಿ ನನ್ನ ಒಳ್ಳೆಯ ದಿನಗಳು ಶುರುವಾದವು. ಬೆಳಿಗ್ಗೆ ಅಂಗಡಿ ತೆಗೆದು ಊದಿನಕಡ್ಡಿ ಬೆಳಗಿದ ಮೇಲೆ ಚನ್ನವೀರಪ್ಪನವರು ಮೊದಲು ನನ್ನ ನೀಲಿಯನ್ನು ನಿಧಾನ ಏರಿಸುವರು. ಬಿಸಿಲೇರಿದ ಮೇಲೆ ಬಿಳಿ ಸೇರಿಸುವರು. ಸಂಜೆ ಬಿಳಿ ಇಳಿಸಿ, ಕಡೆಗೆ ನೀಲಿಯಷ್ಟೇ ಉಳಿಸಿ, ಅದನ್ನೂ ಆರಿಸಿ ಬೀಗ ಹಾಕುವರು. ಒಂದು ದಿನವೂ ತಪ್ಪಲಿಲ್ಲ. ಹವಳಗಳು ದುಂಡಗಾದವು, ಮರಿ ಹಾಕಿದವು. ಕೇಸರಿ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಜೋಡಿ ಮೀನು ನನ್ನ ಕೆಳಗೆ ಸಂಸಾರ ಹೂಡಿತು. ಬಂದ ಗಿರಾಕಿಗಳು ಏನೇನು ಕೇಳುತ್ತಿದ್ದರು! "ಉಪ್ಪುನೀರಂದ್ರ, ಇದರಾಗ ಮಾವಿನಕಾಯಿ ಹಾಕ್ತೀರೇನ್ರಿ?" ಎಂದು ಒಬ್ಬ ಅಜ್ಜಿ ಕೇಳಿದಾಗ ಶಿವಗಂಗವ್ವ ಯಂತ್ರ ನಿಲ್ಲಿಸಿ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಈಗ ಚನ್ನವೀರಪ್ಪನವರ ಹೆಮ್ಮೆಯ ವಿಷಯ ಹೇಳಬೇಕು. ಬಜಾರಿನ ಬೇರೆ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ಪೀಸನ್ನು ಸೀರೆಯ ಸಂಗಡ ಹಿಡಿದು ಮೆಟ್ಟಿಲಿಳಿದು ಹೊರಗೆ ಹೋಗುತ್ತಾರೆ. ಬಿಸಿಲಿಗೆ ಹಿಡಿದು ನೋಡಿ, ಒಪ್ಪಿದರೆ ಮಾತ್ರ ಒಳಗೆ ಬರುತ್ತಾರೆ. ಅಂಗಡಿಯ ದೀಪ ಸುಳ್ಳು ಹೇಳಬಹುದು, ಬಿಸಿಲು ಹೇಳುವುದಿಲ್ಲ. ಆದರೆ ಚನ್ನವೀರಪ್ಪನವರು ಕೊಟ್ಟ ಪೀಸನ್ನು ಯಾರೂ ಬಿಸಿಲಿಗೆ ಹಿಡಿಯುತ್ತಿರಲಿಲ್ಲ. ಸೀರೆ ಬಿಟ್ಟು ಹೋಗುವರು, ಸಂಜೆ ಕಟ್ಟಿದ ಪೊಟ್ಟಣ ಒಯ್ಯುವರು. ಅವರು ಎಡಗಣ್ಣು ಮುಚ್ಚಿ, ಬಲಗಣ್ಣಿಂದ ಒಮ್ಮೆ ಸೀರೆ, ಒಮ್ಮೆ ಗೋಡೆ ನೋಡಿ, ಕೈ ಹಾಕಿ ಎಳೆದರೆ ಅದೇ ಬಣ್ಣ. ಅವರ ಅಪ್ಪ ಕಲಿಸಿದ ರೂಢಿ ಅದು. ಎರಡು ಕಣ್ಣಿದ್ದರೆ ಎರಡು ಮಾತು ಹೇಳುತ್ತವೆ, ಅಂಗಡಿಗೆ ಒಂದೇ ಕಣ್ಣು ಸಾಕು ಎಂದಿದ್ದರಂತೆ ಅಪ್ಪ. ಆ ಬಲಗಣ್ಣೇ ಅಂಗಡಿಯ ಬಂಡವಾಳ. ಅದೊಂದು ಹೋದರೆ ಬೋರ್ಡು ಇಳಿಸಬೇಕಾಗುತ್ತದೆ ಎಂದು ಅವರೇ ಎಷ್ಟೋ ಸಲ ಜಂಬದಿಂದ ಹೇಳಿಕೊಂಡಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಅವರು ನನ್ನ ಕೆಳಗೆ ನಿಂತು, ಎಡಗಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿದರು.

"ಯಾಕೋ ಇದರ ನೀಲಿ ಇಳದೈತಿ."

ನಮ್ಮಂಥ ದೀಪಗಳಿಗೂ ಮುಪ್ಪು ಬರುತ್ತದೆ ಎಂದು ಕೇಳಿದ್ದೆ. ಅವರು ಎಡಗಿವಿಯನ್ನು ಸ್ವಲ್ಪ ತಿರುವಿದರು. ವಾರ ಬಿಟ್ಟು ಇನ್ನೂ ಸ್ವಲ್ಪ. ಮತ್ತೆ ಇನ್ನೂ ಸ್ವಲ್ಪ. ಹವಳಗಳ ಮೈ ಬಿಳಿಚತೊಡಗಿತು. ಗುಂಡಿಗಳು ಅರ್ಧ ಅರಳಿ ಅರ್ಧ ಮುದುಡಿದವು. ಬೆಳಕು ಅತಿಯಾದರೆ ಹವಳ ತನ್ನ ಮೈಯೊಳಗಿನ ಪಾಚಿಯನ್ನೇ ಹೊರಗೆ ದಬ್ಬುತ್ತದೆ, ಆಮೇಲೆ ಉಪವಾಸ ಬೀಳುತ್ತದೆ. ಚನ್ನವೀರಪ್ಪನವರು ನೋಡಿದ್ದೇ ಬೇರೆ ರೀತಿ. "ಪಾಪ, ನೀಲಿ ಸಾಲದಾಗೇತಿ ಇವಕ್ಕ," ಎಂದು ಮತ್ತೆ ಕಿವಿ ತಿರುವಿದರು. ಉಣ್ಣಿಸುವ ಕೈಯೇ ತುತ್ತನ್ನು ಗಂಟಲಿಗೆ ತುರುಕಿದರೆ ಏನು ಮಾಡುವುದು? ನಾನು ಬಾಯಿಲ್ಲದವನು. ತಪ್ಪು ನನ್ನದೇ ಇರಬೇಕು, ನನ್ನ ನೀಲಿಯೇ ಸತ್ತಿರಬೇಕು ಎಂದು ಕೊರಗಿದೆ.

ಆದರೆ ಇನ್ನೊಂದನ್ನೂ ನಾನು ಮೇಲಿನಿಂದ ನೋಡುತ್ತಿದ್ದೆ. ಚನ್ನವೀರಪ್ಪನವರು ಪೀಸು ಎಳೆದು ಸೀರೆಯ ಮೇಲಿಟ್ಟು ಗಿರಾಕಿಯ ಹೆಸರು ಬರೆದು ಊಟಕ್ಕೆ ಹೋಗುವರು. ಶಿವಗಂಗವ್ವ ಯಂತ್ರದಿಂದ ಎದ್ದು, ಬಾಗಿಲ ಕಡೆ ಒಮ್ಮೆ ನೋಡಿ, ಆ ಪೀಸನ್ನು ಮಡಚಿ ಗೋಡೆಗೆ ಸೇರಿಸಿ, ಪಕ್ಕದ ಮಡಿಕೆಯಿಂದ ಬೇರೊಂದನ್ನು ಎಳೆದಿಡುವರು. ಕಂದು ಹೋಗಿ ಬದನೆಕಾಯಿ ಬರುವುದು, ಕಪ್ಪು ಹೋಗಿ ಗಾಢ ನೀಲಿ ಬರುವುದು. ಆಮೇಲೆ ಏನೂ ಆಗದವರಂತೆ ಕೂತು ಯಂತ್ರ ತುಳಿಯುವರು. ಮೊದಮೊದಲು ಅಪರೂಪಕ್ಕೆ. ಬರಬರುತ್ತ ದಿನಾ. ಗಂಡನ ಬುದ್ಧಿಗೇ ಏನೋ ಮಂಕು ಕವಿಯುತ್ತಿದೆ ಎಂದು ಆಕೆ ಹೆದರಿದ್ದರು, ಯಾರ ಮುಂದೂ ಹೇಳಿಕೊಳ್ಳಲಿಲ್ಲ. ಇಬ್ಬರೂ ಗುಟ್ಟು ಹೊತ್ತುಕೊಂಡಿದ್ದೆವು, ಆಕೆ ಕೆಳಗೆ, ನಾನು ಮೇಲೆ.

ಅಷ್ಟರಲ್ಲಿ ತಂಗಿಯ ಮಗಳ ಬಾಣಂತನಕ್ಕೆ ಶಿವಗಂಗವ್ವ ಕೊಪ್ಪಳಕ್ಕೆ ಹೋಗಬೇಕಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು, "ಗಿರಾಕಿ ಕಡೆಯಿಂದ ಒಂದ ಸಲ ನೋಡಸ್ಕೊಂಡ ಕೊಡ್ರಿ," ಎಂದರು. "ನಾ ಏನ ಕೂಸ ಏನ?" ಎಂದು ಗಂಡ ಗದರಿದರು.

ಆ ವಾರ ಅಂಗಡಿಗೆ ಬಂದ ವಿಮಲಾ ಅಕ್ಕೋರು ಈ ಬಜಾರಿನ ಅರ್ಧ ಮಂದಿಗೆ ಅಕ್ಷರ ಕಲಿಸಿದವರು. ತಿಂಗಳ ಕೊನೆಗೆ ಶಾಲೆಯಲ್ಲಿ ಅವರಿಗೆ ಬೀಳ್ಕೊಡುಗೆ. ಅದಕ್ಕೆಂದು ಶಿಷ್ಯರೆಲ್ಲ ಸೇರಿ ಕೊಡಿಸಿದ ನವಿಲ ಕೊರಳ ಬಣ್ಣದ ಸೀರೆ ಬಿಟ್ಟು ಹೋದರು. ಸಂಜೆ ಬಂದು ಪೊಟ್ಟಣ ತೆಗೆದುಕೊಂಡರು, ಬಿಚ್ಚಿ ನೋಡಿದರು. ಪೀಸು ಕೈಯಲ್ಲಿ ಹಿಡಿದು ಮೆಲ್ಲಗೆ ಮೆಟ್ಟಿಲಿಳಿದು ಹೋಗಿ, ಇಳಿಬಿಸಿಲಿಗೆ ಹಿಡಿದು ನಿಂತರು.

ಎದುರಿನ ಪಾತ್ರೆ ಅಂಗಡಿಯವನು ತಕ್ಕಡಿ ಬಿಟ್ಟು ನೋಡಿದ. ಹೂವು ಮಾರುವವಳು ನೋಡಿದಳು. ಶಿವಗಂಗಾ ಮ್ಯಾಚಿಂಗ್ ಸೆಂಟರಿನ ಪೀಸು ಬಿಸಿಲಿಗೆ ಬಂದಿದೆ! ಚನ್ನವೀರಪ್ಪನವರು ಕೌಂಟರಿನ ಹಿಂದೆ ನಿಂತಲ್ಲೇ ನಿಂತಿದ್ದರು. ನೆತ್ತಿಯ ಮೇಲೆ ಬೆವರು ಮೂಡಿದ್ದು ನನಗೆ ಕಂಡಿತು.

"ಚನ್ನಣ್ಣಾರ, ಇದು ಬಾಟ್ಲಿ ಹಸಿರ ಐತ್ರಿ, ನವಿಲ ಕೊರಳಲ್ಲ," ಎಂದರು ಅಕ್ಕೋರು, ಒಳಗೆ ಬಂದು, ಸಣ್ಣ ದನಿಯಲ್ಲಿ. "ಇರಲಿ ಬಿಡ್ರಿ, ತಿಂಗಳ ಕೊನಿಗಿ ಇನ್ನೂ ದಿನ ಐತಿ. ನಾ ಬ್ಯಾರೆ ಅಂಗಡಿಗಿ ಹೋಗೂದಿಲ್ಲ. ನೀವ ಕೊಡಬೇಕು, ನಾ ಅದನ್ನ ತೊಡಬೇಕು."

ಅವರ ಹಿಂದೆಯೇ ಮತ್ತೆ ಇಬ್ಬರು, ಮರುದಿನ ಮತ್ತೊಬ್ಬರು ಪೀಸು ಹಿಡಿದುಕೊಂಡು ಹೊಳ್ಳಿ ಬಂದರು. ಚನ್ನವೀರಪ್ಪನವರು ಎಲ್ಲ ಸಿಟ್ಟನ್ನೂ ನನ್ನ ಮೇಲೆ ಸುರಿದರು. "ಇದರ ಸತ್ತ ನೀಲಿ ನೋಡಿ ನೋಡಿ ನನ್ನ ಕಣ್ಣ ಕೆಟ್ಟಾವು. ಮೊದಲ ಇದನ್ನ ಗುಜರಿಗಿ ಹಾಕಬೇಕು!" ಎಂದು ಎರಡೂ ಕಿವಿ ತುದಿಯವರೆಗೆ ತಿರುವಿ ಕೂತರು. ಅತ್ತ ಡಾಕ್ಟರು ಗಲಗಲಿಯವರಿಗೆ ಫೋನು ಮಾಡಿ ಹೊಸ ದೀಪ ತರಿಸಲು ಹೇಳಿದರು. ನಾನು ನನ್ನ ಕೆಳಗಿನ ಮಕ್ಕಳನ್ನು ನೋಡಿದೆ. ಎಲ್ಲ ಬಾಯಿ ಮುಚ್ಚಿ ಬಿಳುಪಾಗಿದ್ದವು. ಅಳು ಬಂತು. ನನ್ನಂಥವನು ಅತ್ತರೆ ಅದೂ ಬೆಳಕೇ ಆಗುತ್ತದೆ, ಏನು ಪ್ರಯೋಜನ?

ಹೊಸ ದೀಪ ಬಂದ ದಿನ ಶಿವಗಂಗವ್ವನೂ ಕೊಪ್ಪಳದಿಂದ ಬಂದಿಳಿದರು. ಡಾಕ್ಟರು ಅಂಗಡಿಯೊಳಗೆ ಕಾಲಿಟ್ಟವರೇ ಕೈಯಿಂದ ಕಣ್ಣು ಮರೆ ಮಾಡಿಕೊಂಡರು. "ಇದೇನ್ರಿ ಇದು, ಇಡೀ ಅಂಗಡಿ ಸಮುದ್ರದಾಗ ಮುಳಗೇದ!" ಚನ್ನವೀರಪ್ಪನವರು ಕೇಳಿಸಿಕೊಳ್ಳಲಿಲ್ಲ. ಹೊಸಬನನ್ನು ನನ್ನ ಪಕ್ಕದಲ್ಲೇ ತೂಗಿಸಿದರು. ಮಿರಮಿರ ಮಿಂಚುವ ಮೈ, ಧೂಳಿಲ್ಲ, ಗೀರಿಲ್ಲ. ಅವನ ನೀಲಿಯನ್ನು ಪೂರ್ತಿ ತಿರುವಿ, ಎಡಗಣ್ಣು ಮುಚ್ಚಿ ನೋಡಿದರು.

"ಡಾಕ್ಟ್ರ, ಇದೂ ಸತ್ತೈತಿ!"

ಡಾಕ್ಟರು ಗೊಳ್ಳೆಂದು ನಕ್ಕರು. ನಗುತ್ತ ನಗುತ್ತ ಸುಮ್ಮನಾದರು. ಚನ್ನವೀರಪ್ಪನವರ ಮುಚ್ಚಿದ ಎಡಗಣ್ಣನ್ನೂ ತೆರೆದ ಬಲಗಣ್ಣನ್ನೂ ದಿಟ್ಟಿಸಿ ನೋಡಿದರು.

"ಚನ್ನವೀರಪ್ಪನವರ, ಒಂದ ಮಾತು ಕೇಳ್ರಿ. ಆ ಕಣ್ಣು ತಗೀರಿ, ಈ ಕಣ್ಣು ಮುಚ್ಚರಿ."

"ನಮ್ಮಪ್ಪ ಹಂಗ ನೋಡಬಾರದಂತ..."

"ನಿಮ್ಮಪ್ಪಾರ ಕಡೆ ಆಮ್ಯಾಲ ಕ್ಷಮಾ ಕೇಳೋಣ. ಮುಚ್ಚರಿ."

ಮುಚ್ಚಿದರು. ಎಡಗಣ್ಣಿನಿಂದ ನಮ್ಮಿಬ್ಬರನ್ನೂ ನೋಡಿ ಹಿಂದಕ್ಕೆ ಒಂದು ಹೆಜ್ಜೆ ಸರಿದರು. ಮತ್ತೆ ಬಲಗಣ್ಣು. ಮತ್ತೆ ಎಡಗಣ್ಣು. ಸ್ಟೂಲು ಎಳೆದುಕೊಂಡು ಕೂತರು.

"ನೀಲಿ ಹೋಗಿದ್ದು ದೀಪದಾಗ ಅಲ್ಲ," ಎಂದರು. "ನನ್ನ ಕಣ್ಣಾಗ ಹೋಗೇತಿ."

ಅವರ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಗುಜರಿಗೆ ಹಾಕಿದರೂ ಸರಿ, ಈ ಮನುಷ್ಯ ಮಾತ್ರ ಹೀಗೆ ಕೂರಬಾರದು ಅನಿಸಿತು. ಬೋರ್ಡು ಇಳಿಸುವ ಮಾತನ್ನು ಅವರು ನೆನೆಸಿಕೊಳ್ಳುತ್ತಿದ್ದಾರೆ ಎಂದು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

"ಕಣ್ಣಿಗಿ ಪೊರಿ ಬಂದದ, ಅಷ್ಟ," ಎಂದರು ಡಾಕ್ಟರು. "ಪೊರಿ ಹಳದಿಗಾಗತದ, ನೀಲಿ ಒಳಗ ಬಿಡೂದಿಲ್ಲ. ಹುಬ್ಬಳ್ಳಿಗೆ ಹೋಗಿ ತಗಸ್ಕೊಂಡ ಬರ್ರಿ. ನಾ ಹಲ್ಲು ಕಿತ್ತಾಗ ಒದರಿದಷ್ಟೂ ಒದರೂದು ಬೇಕಾಗೂದಿಲ್ಲ."

"ಪೊರಿ ಏನ್ರಿ?" ಎಂದರು ಶಿವಗಂಗವ್ವ. "ಬರೇ ಕಣ್ಣಿನ ಪೊರಿ? ಬ್ಯಾರೆ ಏನೂ ಅಲ್ಲ?" ಎಂದವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಅಳುತ್ತಲೇ ನಕ್ಕರು. ಗಂಡ ಬೆರಗಾಗಿ ನೋಡಿದರು. ತಮಗೆ ಪೊರೆ ಬಂದರೆ ಹೆಂಡತಿಗೆ ಇಷ್ಟು ಸಂತೋಷ ಯಾಕೆ ಎಂದು ಅವರಿಗೆ ತಿಳಿಯಲಿಲ್ಲ.

ಹುಬ್ಬಳ್ಳಿಗೆ ಹೋಗಿಬರುವಷ್ಟು ದಿನ ನನ್ನ ಕಿವಿಯನ್ನು ಇಳಿಸಿಬಿಡಿ ಎಂದು ಡಾಕ್ಟರು ಹೇಳಿದರು. ಶಿವಗಂಗವ್ವ ಒಪ್ಪಲಿಲ್ಲ. "ಅವರ ಏರಿಸ್ಯಾರ, ಅವರ ಇಳಸಲಿ," ಎಂದು, ಗೋಡೆಯಿಂದ ಬಿಳಿ ನೆಟ್ಟಿನ ಬಟ್ಟೆ ಎಳೆದು, ಎರಡು ಪದರ ಮಡಚಿ ನನ್ನ ಮತ್ತು ನೀರಿನ ನಡುವೆ ಹಾಸಿದರು. ಬೆಳಕು ಸೋಸಿ ಕೆಳಗಿಳಿಯಿತು. ಹವಳಗಳು ನಿಟ್ಟುಸಿರು ಬಿಟ್ಟಂತಾಯಿತು. ಒಂದೆರಡು ಗುಂಡಿಗಳು ಇಣುಕಿ ನೋಡಿದವು.

ಚನ್ನವೀರಪ್ಪನವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ನನಗೆ ಹುಟ್ಟಿದ ಕಾರ್ಖಾನೆಯ ನೆನಪಾಯಿತು. ಚಪ್ಪಲಿ ಬಿಟ್ಟು ನೇರ ತೊಟ್ಟಿಯ ಬಳಿ ಬಂದು, ನೆಟ್ಟು ಸರಿಸಿ, ಕನ್ನಡಕ ತೆಗೆದು, ರೂಢಿಯಂತೆ ಎಡಗಣ್ಣು ಮುಚ್ಚಿದರು.

"ಅಯ್ಯಯ್ಯಪ್ಪ! ಯಾರ ಹಚ್ಯಾರಿದನ್ನ ಇಷ್ಟ ನೀಲಿ? ಕಣ್ಣಿಗಿ ಬಡದಂಗ ಆತು! ಬುದ್ಧಿ ಐತೇನ ಹಚ್ಚಿದವರಿಗಿ?"

"ನೀವ," ಎಂದರು ಶಿವಗಂಗವ್ವ.

ಚನ್ನವೀರಪ್ಪನವರು ಕೈ ಚಾಚಿ ಎಡಗಿವಿಯನ್ನು ಮೆಲ್ಲಮೆಲ್ಲಗೆ ಇಳಿಸಿದರು, ಬಲಗಿವಿಯನ್ನೂ ಇಳಿಸಿದರು, ಹಳೆಯ ಹದಕ್ಕೆ ತಂದು ನಿಲ್ಲಿಸಿದರು. ನನ್ನ ತಗಡಿನ ಮೈಯ ಮೇಲೆ ಅಂಗೈ ಇಟ್ಟು, "ನಿನ್ನ ಸುಳ್ಳ ಬೈದೆ ನೋಡಪಾ," ಎಂದರು. ನಾನು ಅವತ್ತಿನಷ್ಟು ಚೆನ್ನಾಗಿ ಯಾವತ್ತೂ ಬೆಳಗಿರಲಿಕ್ಕಿಲ್ಲ.

ವಿಮಲಾ ಅಕ್ಕೋರನ್ನು ಕರೆಸಿದರು. ನವಿಲ ಕೊರಳಿನ ಸೀರೆ ಕೌಂಟರಿನ ಮೇಲೆ ಹರಡಿತು. ಗೋಡೆಯತ್ತ ನೋಡಿ, ಕೈ ಹಾಕಿ, ನಿಂತು, ಆ ಮಡಿಕೆ ಬಿಟ್ಟು ಅದರ ಕೆಳಗಿನದನ್ನು ಎಳೆದರು. ಆದರೆ ಪೊಟ್ಟಣ ಕಟ್ಟಲಿಲ್ಲ. ಪೀಸು ಸೀರೆ ಎರಡನ್ನೂ ತೆಗೆದುಕೊಂಡು ತಾವೇ ಮೆಟ್ಟಿಲಿಳಿದರು.

"ಬರ್ರಿ ಅಕ್ಕೋರ. ಬಿಸಿಲಿಗಿ ನೋಡ್ರಿ."

"ಬ್ಯಾಡ್ರಿ ಚನ್ನಣ್ಣಾರ, ನೀವು ಕೊಟ್ರ ಆತು."

"ಇಲ್ರಿ. ಇನ್ನಮ್ಯಾಲ ಯಾರಿಗಿ ಕೊಟ್ರೂ ಬಿಸಿಲಿಗಿ ತೋರಿಸೇ ಕೊಡಾವ."

ಇಡೀ ಬಜಾರು ಮತ್ತೆ ನೋಡಿತು. ಅಕ್ಕೋರು ಬಟ್ಟೆಯ ಮೇಲೆ ಬಟ್ಟೆ ಇಟ್ಟು ಯಾವುದು ಸೆರಗು, ಯಾವುದು ಪೀಸು ಎಂದು ಬೆರಳಿನಿಂದ ಹುಡುಕಿದರು. ಹೂವು ಮಾರುವವಳು ಕೂತಲ್ಲಿಂದಲೇ "ಕೂಡ್ತು, ಕೂಡ್ತು!" ಎಂದು ಕೂಗಿದಳು. ಬೀಳ್ಕೊಡುಗೆಯ ದಿನ ಅಕ್ಕೋರು ಶಾಲೆಗೆ ಹೋಗುವ ಮೊದಲು ಉಟ್ಟ ಸೀರೆಯಲ್ಲೇ ಅಂಗಡಿಗೆ ಬಂದು, ತೊಟ್ಟಿಯ ಮುಂದೆ ನಿಂತು ನಮಗೂ ತೋರಿಸಿ ಹೋದರು.

ಅದೇ ಸಂಜೆ ಚನ್ನವೀರಪ್ಪನವರು ಚಹಾ ಕುಡಿಯುತ್ತ ಕೇಳಿದರು. "ಪೊರಿ ಬಂದು ವರ್ಷದ ಮ್ಯಾಲಾಗೇತಿ ಅಂದ್ರು ಕಣ್ಣಿನ ಡಾಕ್ಟರು. ಮತ್ತ ನೀ ಕೊಪ್ಪಳಕ್ಕ ಹೋಗೂತನಕ ಒಂದ ಪೀಸೂ ಹೊಳ್ಳಿ ಬರಲಿಲ್ಲಲ್ಲ. ಹ್ಯಾಂಗ ಅಂತೀನಿ?"

ಶಿವಗಂಗವ್ವ ಸೂಜಿಗೆ ದಾರ ಪೋಣಿಸುತ್ತಿದ್ದರು. "ಚಾ ಆರಾಕತ್ತೈತಿ. ಕುಡೀರಿ."

ಅವರು ಕಪ್ಪು ಕೆಳಗಿಟ್ಟು ಹೆಂಡತಿಯನ್ನು ನೋಡಿದರು, ಎರಡೂ ಕಣ್ಣು ತೆರೆದು. ಅರ್ಧ ಚಹಾವನ್ನು ಬಸಿಗೆ ಸುರಿದು ಆಕೆಯ ಕಡೆ ಸರಿಸಿದರು.

ಹೊಸ ದೀಪವನ್ನು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟರು. ಹವಳಗಳಿಗೆ ಬಣ್ಣ ಮರಳಲು ತಿಂಗಳುಗಟ್ಟಲೆ ಬೇಕಾಯಿತು. ಎರಡು ಮೂರು ತುಂಡುಗಳು ಉಳಿಯಲಿಲ್ಲ. ಉಳಿದವು ಕಲ್ಲು ತುಂಬ ಹಬ್ಬಿದವು. ಮುಂದಿನ ವರ್ಷ ಎಡಗಣ್ಣಿನ ಪೊರೆಯನ್ನೂ ತೆಗೆಸಿದರು. ಆಮೇಲೆ ನಾವೆಲ್ಲ ಬಹಳ ವರ್ಷ ಸುಖವಾಗಿದ್ದೆವು, ಅದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಸುಖದ ಕಥೆ ಯಾವಾಗಲೂ ಗಿಡ್ಡ.

ಹೀಗೇ ಒಂದು ಬೆಳಿಗ್ಗೆ ಅವರು ನನ್ನ ಕೆಳಗೆ ನಿಂತು, ಎಡಗಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿದರು.

"ಗಂಗಾ, ಇದರ ನೀಲಿ ಇಳದೈತಿ."

ಯಂತ್ರ ಗಕ್ಕನೆ ನಿಂತಿತು. ಶಿವಗಂಗವ್ವ ಎದ್ದು ಬಂದು ನನ್ನನ್ನು ನೋಡಿದರು. ಏನೂ ಇಳಿದಂತೆ ಕಾಣಲಿಲ್ಲ. ಡಾಕ್ಟರು ಗಲಗಲಿಯವರನ್ನು ಕರೆದರು. ಅವರೂ ನೋಡಿ ತಲೆ ಅಲ್ಲಾಡಿಸಿದರು, ದೀಪ ಮೊದಲಿನಂತೆಯೇ ಇದೆ ಎಂದರು. ಮುಗಿಯಿತು! ನಡು ಹಗಲಿನಲ್ಲಿ ಶಟರು ಎಳೆದು ಗಂಡನನ್ನು ಹುಬ್ಬಳ್ಳಿಯ ಬಸ್ಸು ಹತ್ತಿಸಿ ತಾವೂ ಹತ್ತಿದರು ಶಿವಗಂಗವ್ವ. "ನನ್ನ ಕಣ್ಣ ನೆಟ್ಟಗ ಅದಾವ, ದೀಪಕ್ಕ ವಯಸ್ಸಾಗೇತಿ," ಎಂದು ಅವರು ಹೇಳುತ್ತಲೇ ಹೋದರು, ಯಾರೂ ಕೇಳಲಿಲ್ಲ.

ಸಂಜೆ ಹೊಳ್ಳಿ ಬಂದಾಗ ಅವರ ಮುಖ ನೋಡಬೇಕಿತ್ತು ನೀವು. "ಹುಡುಗರ ಕಣ್ಣಿದ್ದಂಗ ಅದಾವಂತ! ಡಾಕ್ಟರು ಅಂದಾರ, ಕೇಳಿಸ್ಕೊಂಡ್ಯಲ್ಲ?" ಎಂದು ಪಾತ್ರೆ ಅಂಗಡಿಯವನಿಗೂ ಕೇಳುವಂತೆ ಹೇಳಿದರು. ಅಟ್ಟದ ಡಬ್ಬಿ ಇಳಿಸಿ, ಹೊಸಬನನ್ನು ನನ್ನ ಪಕ್ಕದಲ್ಲಿ ತೂಗಿಸಿದರು. ಈ ಸಲ ಎಲ್ಲರಿಗೂ ಕಂಡಿತು. ಅವನ ನೀಲಿಯ ಮುಂದೆ ನನ್ನದು ಒಗೆದು ಒಗೆದು ಹೋದ ಬಟ್ಟೆಯ ಹಾಗಿತ್ತು.

ನೀವು ನಂಬುವುದಿಲ್ಲ, ನನಗೆ ದುಃಖವಾಗಲಿಲ್ಲ. ಮೊದಲ ಸಲ ಅವರು ನನ್ನ ನೀಲಿ ಸತ್ತಿದೆ ಎಂದಾಗ ಅದು ಸುಳ್ಳಾಗಿತ್ತು, ನಾನು ಕೊರಗಿದ್ದೆ. ಈ ಸಲ ನಿಜವಾಗಿತ್ತು. ಹೆಂಡತಿಗೆ ಕಾಣದ್ದು, ಡಾಕ್ಟರಿಗೆ ಕಾಣದ್ದು, ನನಗೇ ಗೊತ್ತಾಗದ್ದು, ಪಕ್ಕದಲ್ಲಿ ಇನ್ನೊಂದು ದೀಪವಿಲ್ಲದೆಯೇ ಆ ಕಣ್ಣಿಗೆ ಕಂಡಿತ್ತು. ಬೋರ್ಡು ಇಳಿಯುವುದಿಲ್ಲ! ನನ್ನ ಮುಪ್ಪಿನಿಂದ ಅವರ ಕಣ್ಣು ಗೆದ್ದಿತಲ್ಲ ಎಂದು ನಾನು ಹಿಗ್ಗಿದೆ.

ಹೊಸಬ ಹವಳಗಳ ಮೇಲೆ ಕೂತ. ನಿಧಾನ ಏರು, ಒಂದೇ ದಿನಕ್ಕೆ ಹಾರಬೇಡ ಎಂದು ಹೇಳಬೇಕೆಂದಿದ್ದೆ, ಆದರೆ ಆ ಕೆಲಸಕ್ಕೆ ಚನ್ನವೀರಪ್ಪನವರಿದ್ದರು. ನನ್ನನ್ನು ಗುಜರಿಯವನಿಗೆ ಕೊಡೋಣವೇ ಎಂದು ಡಾಕ್ಟರು ಕೇಳಿದರು.

"ಯಾಕ್ರಿ? ನೀಲಿದು ಮುಗದೈತಿ. ಬಿಳೀದು ಇನ್ನೂ ಗಟ್ಟಿ ಐತಿ," ಎಂದರು ಚನ್ನವೀರಪ್ಪನವರು. "ನೀಲಿದು ಅವಕ್ಕ ಇತ್ತು, ಕೊಟ್ಟ. ಬಿಳೀದು ನಮಗ."

ಈಗ ನಾನು ಅಂಗಡಿಯ ಮೂಲೆಯಲ್ಲಿ ಶಿವಗಂಗವ್ವನ ಹೊಲಿಗೆ ಯಂತ್ರದ ಮೇಲೆ ತೂಗುತ್ತೇನೆ. ಬಲಗಿವಿಯನ್ನು ಅರ್ಧ ತಿರುವಿದರೆ ಸಾಕು, ಸೂಜಿಯ ಕಣ್ಣು ಆಕೆಗೆ ಕಾಣುತ್ತದೆ. ನೆತ್ತಿ ಪೂರ್ತಿ ಬೆಳ್ಳಗಾಗಿದೆ, ಆಕೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾರೆ. ಚನ್ನವೀರಪ್ಪನವರು ಪೀಸು ಎಳೆದು ಸೀರೆಯ ಮೇಲಿಟ್ಟು ಊಟಕ್ಕೆ ಹೋಗುತ್ತಾರೆ. ಆಕೆ ತಲೆಯೆತ್ತಿ ಒಮ್ಮೆ ನೋಡುತ್ತಾರೆ, ಏಳುವುದಿಲ್ಲ, ಮತ್ತೆ ಯಂತ್ರ ತುಳಿಯುತ್ತಾರೆ.